ಗೊಂಬೆಗೆ ಚಳಿಯಾಗುವುದಿಲ್ಲ

ಗದಗ, ೨೧೧೮ನೇ ಇಸವಿ, ಫೆಬ್ರವರಿ ಮೂವತ್ತು

ಪೂಜ್ಯ ಮುತ್ತಜ್ಜಿ ಡಾ. ಅನಸೂಯಾ ಹಿರೇಗೌಡರ ಅವರಿಗೆ ಮರಿಮಗಳು ಇಂಚರಾಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವೀಗ ೨೦೨೦ರಲ್ಲಿದ್ದೀರಿ. ಮಹಾಮಾರಿಗೆ ಹೆದರಿ ಮೆಡಿಕಲ್ ಕಾಲೇಜು ಮುಚ್ಚಿದೆ. ಖಾಲಿ ಕೋಣೆಯಲ್ಲಿ ಕ್ಯಾಮೆರಾ ಮುಂದೆ ನಿಂತು, ರಬ್ಬರ್ ಗೊಂಬೆಯ ಹೊಟ್ಟೆ ಮುಟ್ಟಿ ಪಾಠ ಮಾಡುತ್ತಿದ್ದೀರಿ.

ಆ ಪಾಠಗಳು ರೋಗ ಹೋದ ಮೇಲೂ ಹೋಗಲಿಲ್ಲ. ವಾರ್ಡಿಗೆ ವಿದ್ಯಾರ್ಥಿಗಳನ್ನು ಬಿಡುವುದು ಅಪಾಯವೆಂಬ ಮಾತು ಹಾಗೇ ನಿಂತುಬಿಟ್ಟಿತು. ಈಗ ಮಕ್ಕಳು ‘ತೋರುಮೈ’ ಮೇಲೆ ಕಲಿಯುತ್ತಾರೆ. ಅದು ನಿಮ್ಮ ಗೊಂಬೆಯ ವಂಶದ್ದೇ, ಕೆಮ್ಮುತ್ತದೆ, ಬೆವರುತ್ತದೆ, ಬೇಕೆಂದಾಗ ನರಳುತ್ತದೆ. ಜೀವವಿರುವವರನ್ನು ಮುಟ್ಟುವುದು ಕೊನೆಯ ವರ್ಷ ಮಾತ್ರ. ಅದಕ್ಕೆ ‘ಮುಟ್ಟುವ ವರ್ಷ’ ಎನ್ನುತ್ತೇವೆ. ಹೊಟ್ಟೆಯ ಮೊದಲ ಪಾಠ ಇಂದಿಗೂ ನಿಮ್ಮದೇ. ಹೊಸದು ಮಾಡೋಣವೆಂದು ಉಳಿದ ಶಿಕ್ಷಕರು ಹೇಳಿದಾಗ, ನಮ್ಮ ಮುತ್ತಜ್ಜಿಯದೇ ಇರಲಿ ಎಂದು ಹಟ ಹಿಡಿದವಳು ನಾನು. ಬರೀ ಮನೆತನದ ಜಂಬ, ಬೇರೇನಲ್ಲ.

ಹೋದ ವಾರ ನನ್ನ ವಿದ್ಯಾರ್ಥಿ ಮೌನೇಶ ಮೊದಲ ಸಲ ಜೀವಂತ ಹೊಟ್ಟೆ ಮುಟ್ಟಿದ. ನೋವೆಂದು ಬಂದಿದ್ದ ನೀಲವ್ವನ ಹೊಟ್ಟೆ ಕೈಯಿಟ್ಟೊಡನೆ ಕಲ್ಲಿನಂತಾಯಿತು. ತೋರುಮೈಯ ಹೊಟ್ಟೆ ಹಾಗೆ ಬಿಗಿಯುವುದು ಕರುಳು ತೂತಾದಾಗ ಮಾತ್ರ. ಅವನೂ ಅದನ್ನೇ ಹೇಳಿದ. ಯಂತ್ರ ತೆಗೆದ ಚಿತ್ರ ಸ್ಪಷ್ಟವಿರಲಿಲ್ಲ. ಅಂಥ ಹೊತ್ತಿನಲ್ಲಿ ಕೈ ಹೇಳಿದ್ದೇ ಕೊನೆ ಎಂಬುದು ನಮ್ಮ ನಿಯಮ. ನಾನು ಪಕ್ಕದ ಕೋಣೆಯಿಂದ ಎದ್ದು ಹೋಗಿ ನೋಡದೆ ಹೂಂ ಎಂದೆ. ಕೊಯ್ದು ನೋಡಿದರೆ ಕರುಳು ಚೆನ್ನಾಗಿಯೇ ಇತ್ತು. ಬರೀ ವಾಯು.

ಎಚ್ಚರಾದ ನೀಲವ್ವ ಅವನ ಮೇಲೆ ಸಿಟ್ಟಾಗಲಿಲ್ಲ.

“ನಿನ್ನ ಕೈ ಭಾಳ ಥಣ್ಣಗಿತ್ತಪಾ,” ಎಂದಳು. “ಅದಕ್ಕ ಹೊಟ್ಟಿ ಬಿಗಿ ಹಿಡದೆ.”

ನನಗೆ ನಿಮ್ಮ ಮಗಳು, ನಮ್ಮಜ್ಜಿ, ನೆನಪಾದಳು. ಬೆಳಿಗ್ಗೆ ಅವಳನ್ನು ಎಬ್ಬಿಸುವ ಮೊದಲು ನೀವು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಿರಂತೆ, ವಾರ್ಡಿನ ಅಭ್ಯಾಸ ಎನ್ನುತ್ತಿದ್ದಿರಂತೆ. ಈ ಕಥೆ ನೂರು ಸಲ ಕೇಳಿದ್ದೇನೆ. ಮನೆಯ ಮುದ್ದಿನ ಮಾತೆಂದುಕೊಂಡೆನೇ ಹೊರತು ಪಾಠವೆಂದುಕೊಳ್ಳಲಿಲ್ಲ. ಮತ್ತೆ ನಿಮ್ಮ ಪಾಠದ ವೀಡಿಯೊ ಹಾಕಿ ನೋಡಿದೆ. ನೀವು ಅಂಗೈ ಉಜ್ಜದೆ ಕೈ ನೇರವಾಗಿ ಹೊಟ್ಟೆಯ ಮೇಲಿಡುತ್ತೀರಿ. ಎದುರಿಗೆ ರೋಗಿ ಇದ್ದಿದ್ದರೆ ಹಾಗೆ ಇಡುತ್ತಿರಲಿಲ್ಲ. ವಾರ್ಡಿನಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳುವುದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ, ಜೊತೆಗಿದ್ದವರು ನೋಡಿ ಕಲಿಯುತ್ತಿದ್ದರು.

ಮೌನೇಶ ಅಂದಿನಿಂದ ಕೈಗಳನ್ನು ಜೇಬಿನಿಂದ ತೆಗೆದಿಲ್ಲ. ಓದು ಬಿಡುತ್ತೇನೆ ಎನ್ನುತ್ತಾನೆ. ನಾನು ಎಲ್ಲಿ ತಪ್ಪಿದೆ ಎಂದು ಕೇಳಿದ. ನೀನು ಪಾಠದಂತೆಯೇ ಮಾಡಿದೆ ಎಂದೆ. ಆ ಪಾಠ ನನ್ನ ಹಟದಿಂದ ಉಳಿದದ್ದು ಎನ್ನಲು ಬಾಯಿ ಬರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಗಿದೆ. ನಾಳೆ ಅವನನ್ನು ನೀಲವ್ವನ ಹಾಸಿಗೆಯ ಬಳಿ ಕರೆದೊಯ್ದು ಇಬ್ಬರೆದುರೂ ತಪ್ಪು ನನ್ನದೆಂದು ಹೇಳುತ್ತೇನೆ. ಆಮೇಲೂ ಅವನು ಕೈ ಹೊರತೆಗೆಯುತ್ತಾನೋ ಇಲ್ಲವೋ ಗೊತ್ತಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಕ್ಯಾಮೆರಾ ಹಚ್ಚಿದ ಮೇಲೆ, ಹೊಟ್ಟೆ ಮುಟ್ಟುವ ಮುಂಚೆ, ಒಮ್ಮೆ ಅಂಗೈ ಉಜ್ಜಿಕೊಳ್ಳಿ. ನೋಡುವವರು ನಕ್ಕರೆ ನಗಲಿ. ಗೊಂಬೆಗೆ ಚಳಿಯಾಗುವುದಿಲ್ಲ ಎಂದು ನನಗೂ ಗೊತ್ತು. ಆದರೂ ಉಜ್ಜಿಕೊಳ್ಳಿ, ಮುತ್ತಜ್ಜಿ.

ಇಂಚರಾ