ಮನೆಯವರಿಗಿಂತ ಮೊದಲು

ಹಾರೂಗೇರಿ, ತೋಟದ ಮನೆ
ಬುಧವಾರ, 12 ನವೆಂಬರ್ 2025

ಪ್ರೀತಿಯ ಉಜ್ವಲಕ್ಕನಿಗೆ,

ನಸುಕಿನ ಎರಡು ಇಪ್ಪತ್ತು. ತ್ರೀಫೇಜ್ ಕರೆಂಟು ಬಂದು ಬಾವಿಯ ಮೋಟಾರು ಗುರ್ರೆಂದಿತು, ಎಚ್ಚರವಾಯಿತು. ಇವರು ಬ್ಯಾಟರಿ ಹಿಡಿದು ಕಬ್ಬಿಗೆ ನೀರು ತಿರುವಲು ಹೋದರು. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಮಗ ಮಾಳುವಿನ ಶಾಲೆಯ ವಹಿಯಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ. ನೀವೆಲ್ಲ ಹೇಗಿದ್ದೀರಿ? ಹನ್ನೊಂದು ದಿನ ತಡಮಾಡಿ ಬರೆಯುತ್ತಿದ್ದೇನೆ, ಕ್ಷಮಿಸು. ಫೋನ್ ಹಚ್ಚಿದರೆ ನೀನು ಎತ್ತುತ್ತಿಲ್ಲ, ವಾಟ್ಸಾಪಿನ ಗೀಟು ನೀಲಿಯಾಗುತ್ತಿಲ್ಲ. ಅದಕ್ಕೇ ಈ ಕಾಗದ. ಪಕ್ಕದ ತೋಟದ ಲಖನನ ಟೆಂಪೋ ಬೆಳಿಗ್ಗೆ ಬದನೆಕಾಯಿ ಹೇರಿಕೊಂಡು ನಿಪ್ಪಾಣಿಗೆ ಹೊರಡುತ್ತದೆ. ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಬೇಡ ಎಂದು ಹೇಳುತ್ತೇನೆ.

ಗುಳಿಗೆ ಬಿಟ್ಟು ನಿನ್ನೆಗೆ ಎಂಬತ್ತೈದು ದಿನ. ರಕ್ತದ ಕ್ಯಾನ್ಸರ್ ಎಂದು ಶುರುವಾದಾಗ ಮಾಳು ಎಂಟು ತಿಂಗಳ ಕೂಸು, ಈಗ ಎರಡನೇ ಇಯತ್ತೆ. ರಕ್ತದಲ್ಲಿ ರೋಗ ಕಾಣುತ್ತಿಲ್ಲವೆಂದು ಡಾಕ್ಟರು ಗುಳಿಗೆ ನಿಲ್ಲಿಸಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹದಿನೈದು ದಿನ ಹಗುರಾಗಿದ್ದೆ. ಆಮೇಲೆ ಭುಜ, ಸೊಂಟ, ಮೊಣಕಾಲು ಒಂದೊಂದಾಗಿ ಹಿಡಿದುಕೊಂಡವು. ಮಾಳುವಿನ ಅಂಗಿಯ ಗುಂಡಿ ಹಾಕಲು ಬೆರಳು ಮಡಚುವುದಿಲ್ಲ.

"ಗುಳಿಗಿ ಬಿಟ್ಟ ಕೆಲವರಿಗೆ ಹಿಂಗ ಆಗ್ತೈತ್ರಿ, ಒಂದಿಷ್ಟ್ ತಿಂಗಳ ಇರ್ತೈತಿ. ಇದು ರೋಗ ಅಲ್ಲ. ರೋಗ ತಿರುಗಿ ಬಂದ್ರ ರಕ್ತ ಹೇಳ್ತೈತಿ" ಎಂದರು ಡಾಕ್ಟರು. ಹಗಲು ಒಪ್ಪುತ್ತೇನೆ. ಬಿ.ಎಸ್ಸಿ. ಓದಿದವಳು, ಒಪ್ಪದೆ ಏನು? ಕತ್ತಲಾದರೆ ಆ ಓದು ಎಲ್ಲಿ ಹೋಗುತ್ತದೋ. ಎಡಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತುತ್ತ ಮಲಗುತ್ತೇನೆ. ಮೊದಲ ಸಲ ಗುಲ್ಮ ಊದಿಕೊಂಡದ್ದು ಅಲ್ಲೇ ಅಲ್ಲವೇ? ಒತ್ತಿ ಒತ್ತಿ ಈಗ ಒತ್ತಿದ್ದಕ್ಕೇ ನೋವು.

ನಮ್ಮ ಅತ್ತೆ ಲಗಮವ್ವ ಎಣ್ಣೆ ಕಾಸಿ ತಂದರು. "ಮಲಿ ಬಿಡಿಸಿದ ಕೂಸಿನಂಗ ನಿನ್ನ ಮೈ ಹಟಾ ಮಾಡಾಕತ್ತೈತಿ. ನಾಕ್ ದಿನ ಅತ್ತು ಸುಮ್ನಾಗ್ತೈತಿ ತಗೊ."

"ಕೂಸಾದ್ರ ಮಲಿಗೆ ಬೇವು ಹಚ್ಚತಿದ್ರಿ. ನನಗೇನ್ ಹಚ್ಚವ್ರಿ, ಅತ್ತಿ?"

"ನಿನ್ನ ಬಾಯಿಗೆ ಹಚ್ಚಬೇಕ ನೋಡ!"

ಇಬ್ಬರೂ ನಕ್ಕೆವು. ನಕ್ಕದ್ದಕ್ಕೂ ಭುಜ ಹಿಡಿಯಿತು. ಊಟವಾದ ಮೇಲೆ ಗುಳಿಗೆ ಬಿಡಿಸಿ ಕೊಡುವುದು ಮಾಳುವಿನ ಪಾಲಿನ ಕೆಲಸವಾಗಿತ್ತು. "ಅವ್ವಾ, ನನ್ನ ನೌಕರಿ ಹೋತಲ್ಲ" ಎಂದು ಈಗ ಅಜ್ಜಿಯ ಎಲೆ ಅಡಿಕೆ ಕುಟ್ಟಿಕೊಡುತ್ತಾನೆ.

ಮಿರಜಿನ ಆಸ್ಪತ್ರೆಯ ಸಾಲಿನಲ್ಲಿ ನಾನು ಮೊದಲ ದಿನ ಅಳುತ್ತಿದ್ದಾಗ ನೀನೇ ಬಂದು, "ಅಗ, ಹಿಂಗ್ಯಾಕ ಕುಂತಿ, ಚಾ ಕುಡಿಯೂಣ ಏಳ" ಎಂದೆ. ನನಗಿಂತ ಏಳು ತಿಂಗಳು ಮೊದಲು ನೀನು ಇದೇ ಗುಳಿಗೆ ಬಿಟ್ಟೆ. ರಿಪೋರ್ಟ್ ಏನೇ ಬರಲಿ, ಮನೆಯವರಿಗಿಂತ ಮೊದಲು ಒಬ್ಬರಿಗೊಬ್ಬರು ಹೇಳಬೇಕೆಂದು ಮಾತಾಗಿತ್ತು. "ಅವರ ಮುಂದ ನಿಲ್ಲೂಕಿಂತ ಮೊದ್ಲ ನಮ್ಮ ಮಾರಿ ನಾವ್ ನೆಟ್ಟಗ ಮಾಡ್ಕೊಳೂಣ" ಎಂದವಳು ನೀನೇ.

ನಾಳೆ ಗುರುವಾರ ಬೆಳಿಗ್ಗೆ ಕುಡಚಿಯಿಂದ ರೈಲು ಹಿಡಿದು ಮಿರಜಿಗೆ ರಕ್ತ ತಪಾಸಣೆಗೆ ಹೋಗುತ್ತೇನೆ. ಇವರು ಬರುತ್ತೇನೆಂದರು, ನಾನೇ ಬೇಡವೆಂದೆ.

ಮಗಳು ಸ್ನೇಹಲಳಿಗೆ ಈ ಚಿಕ್ಕಮ್ಮನ ಮುತ್ತು. ಅವಳ ಓದು ಚೆನ್ನಾಗಿ ಸಾಗಲಿ. ಮಲಕಾರಿಸಿದ್ಧ ನಿನ್ನ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ ತಂಗಿ,
ನೀಲಮ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಹನ್ನೊಂದು ದಿನದ ಹಿಂದೆ, ಆ ಶನಿವಾರ ನೀನು ಫೋನ್ ಮಾಡಿ, "ನೀಲಮ, ರಿಪೋರ್ಟಿನಾಗ ನನ್ನ ಅಂಕಿ ಏರೈತಿ. ಸುರಜಗ ಇನ್ನೂ ಹೇಳಿಲ್ಲ" ಎಂದೆ. ಫೋನ್ ತಾನಾಗಿ ಕಟ್ಟಾಗಲಿಲ್ಲ ಅಕ್ಕ, ನಾನೇ ಕಟ್ ಮಾಡಿದೆ. ನೀನು ಮತ್ತೆ ಮೂರು ಸಲ ಮಾಡಿದೆ. ನಾನು ಫೋನ್ ಕೈಯಲ್ಲಿ ಹಿಡಿದು ನೋಡುತ್ತ ನಿಂತೆ. ಸಂಜೆ "ರೇಂಜ್ ಇರಲಿಲ್ಲ" ಎಂದು ಮೆಸೇಜು ಹಾಕಿದೆ. ನಿನ್ನ ಮಾತು ಪೂರ್ತಿ ಕೇಳಿದರೆ ಅದು ನನಗೂ ಅಂಟುತ್ತದೆ ಎನಿಸಿತ್ತು. ನಿನ್ನ ಗಂಡನಿಗೂ ಹೇಳದೆ ನನಗೆ ಹೇಳಲು ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿದೆ. ಗುಳಿಗೆ ಮತ್ತೆ ಶುರು ಮಾಡಿದರೇ? ಮನೆಯಲ್ಲಿ ಹೇಳಿದೆಯಾ, ಇಲ್ಲ ಇನ್ನೂ ಒಬ್ಬಳೇ ಹೊತ್ತಿದ್ದೀಯಾ? ನನ್ನ ಮೊಣಕಾಲಿನ ಸುದ್ದಿ ಬಿಡು. ಬೈಯುವಷ್ಟು ಬೈ. ಆದರೆ ಇವತ್ತು ರಾತ್ರಿ ಎಷ್ಟೊತ್ತಿಗಾದರೂ ಸರಿ, ನಾಳೆ ಬೆಳಗಾಗುವುದರೊಳಗೆ ಒಂದು ಫೋನ್ ಮಾಡು, ನಿನ್ನ ಕಾಲು ಹಿಡಿಯುತ್ತೇನೆ. ನಾನು ಎತ್ತುತ್ತೇನೆ.