ಸದ್ದಿಲ್ಲದ ಗಾಡಿಯಲ್ಲಿ ಕೇಳಿದ್ದು

ಮಾರ್ಚ್ ಎಂಟು, ಶನಿವಾರ

ಮುದ್ದು ಮಗಳೇ,

ನನ್ನ ಅಕ್ಷರ ನೋಡಿ ಗಾಬರಿ ಬೀಳಬೇಡ. ಅಮ್ಮನೂ ನಾನೂ ಚೆನ್ನಾಗಿದ್ದೇವೆ. ಮೂರು ವರ್ಷ ಮಾತು ಬಿಟ್ಟ ಅಪ್ಪ ಇದ್ದಕ್ಕಿದ್ದಂತೆ ಯಾಕೆ ಬರೆಯುತ್ತಿದ್ದಾನೆ ಅಂತೀಯಾ? ಒಂದು ವಿಷಯವಿದೆ, ನಿನ್ನನ್ನು ಬಿಟ್ಟು ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ನಾನು ಎಲೆಕ್ಟ್ರಿಕ್ ಕಾರು ಕೊಂಡಿದ್ದೇನೆ.

ನಗು. ನಗುವ ಹಕ್ಕು ನಿನಗಿದೆ. ಸ್ವಂತ ಮಗಳು ಬ್ಯಾಟರಿ ಗಾಡಿಗಳ ಕೆಲಸ ಕಲಿಯುತ್ತೇನೆಂದು ಹೊರಟಾಗ “ಆಟದ ಸಾಮಾನು ರಿಪೇರಿ ಮಾಡೋಳಿಗೆ ನನ್ನ ಗ್ಯಾರೇಜಲ್ಲಿ ಜಾಗ ಇಲ್ಲ” ಎಂದವನ ಮನೆ ಮುಂದೆ ಈಗ ಅದೇ ಆಟದ ಸಾಮಾನು ನಿಂತಿದೆ. ಮೊಣಕಾಲು ನೋವು, ಕ್ಲಚ್ ತುಳಿಯಲಾಗುವುದಿಲ್ಲ ಎಂದು ಬೀದಿಗೆಲ್ಲ ಹೇಳಿದ್ದೇನೆ. ಮೊಣಕಾಲು ಗಟ್ಟಿಯಾಗಿದೆ. ನೀನು ನನ್ನನ್ನು ಬಿಟ್ಟು ಹೋಗುವಂಥದ್ದು ಆ ಗಾಡಿಯಲ್ಲಿ ಏನಿದೆ ಎಂದು ನೋಡಬೇಕಿತ್ತು, ಅಷ್ಟೆ.

ಮೊದಲು ಹೋದ ಶೋರೂಮಿನಲ್ಲಿ ಟೈ ಕಟ್ಟಿದವನೊಬ್ಬ ಟಚ್ ಸ್ಕ್ರೀನು, ಬಣ್ಣ ಬದಲಾಯಿಸುವ ದೀಪ ಎಲ್ಲ ತೋರಿಸಿದ. “ಅದೆಲ್ಲ ಇರ್ಲಿ, ಬಾನೆಟ್ ಎತ್ತಪ್ಪ” ಎಂದೆ. ಎತ್ತಿದ. ಒಳಗೊಂದು ಪ್ಲಾಸ್ಟಿಕ್ ತೊಟ್ಟಿ! “ಇಲ್ಲಿ ಲಗೇಜ್ ಇಡಬಹುದು ಸರ್” ಎಂದ. ಎದೆ ಸೀಳಿ ನೋಡಿದಾಗ ಹೃದಯದ ಜಾಗದಲ್ಲಿ ಊಟದ ಡಬ್ಬಿ ಸಿಕ್ಕಂತಾಯಿತು ನನಗೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಓಡುತ್ತದೆ ಎಂದು ಕೇಳಿದರೆ ನಾನೂರು ಕಿಲೋಮೀಟರ್ ಎಂದ. ನಿಜವಾದ ರಸ್ತೆಯಲ್ಲಿ ಎಷ್ಟು ಎಂದಾಗ ಟೈ ಸರಿ ಮಾಡಿಕೊಂಡ. ಎರಡನೇ ಶೋರೂಮಿನಲ್ಲಿದ್ದ ನಡುವಯಸ್ಸಿನ ಹೆಂಗಸು ಮಾತ್ರ ನೇರವಾಗಿ, “ಏಸಿ ಹಾಕ್ಕೊಂಡು ಗುಡ್ಡ ಹತ್ತಿದ್ರೆ ಇನ್ನೂರೆಂಬತ್ತು. ಅದಕ್ಕಿಂತ ಜಾಸ್ತಿ ಆಸೆ ಇಟ್ಕೋಬೇಡಿ” ಎಂದಳು. ಅವಳ ಹತ್ತಿರವೇ ಬುಕ್ ಮಾಡಿದೆ.

ಮನೆಗೆ ಚಾರ್ಜರ್ ಹಾಕಲು ಬಂದ ಎಲೆಕ್ಟ್ರಿಷಿಯನ್, ನಮ್ಮ ಅರ್ಥಿಂಗ್ ನೋಡಿ ಹಣೆ ಚಚ್ಚಿಕೊಂಡ. ಅಂಗಳ ಅಗೆದು ಹೊಸದಾಗಿ ಹಾಕಿಸಿ, ಮೀಟರಿನಿಂದ ಬೇರೆ ಲೈನು ಎಳೆಸಿದ್ದಾಯಿತು. ಹಿಂದೆ ವಾರದ ಡೀಸೆಲ್ಲಿಗೆ ಆಗುತ್ತಿದ್ದ ದುಡ್ಡಿನಲ್ಲಿ ಈಗ ತಿಂಗಳು ಕಳೆಯುತ್ತದೆ. ಹೆದ್ದಾರಿಯ ಚಾರ್ಜರುಗಳಲ್ಲಿ ಮಾತ್ರ ಮನೆಯ ಎರಡರಷ್ಟು ಸುಲಿಯುತ್ತಾರೆ. ಇದೆಲ್ಲ ನಿನಗೆ ಗೊತ್ತಿರುವುದೇ. ಹೇಳಬೇಕಾದದ್ದು ಬೇರೆ.

ಹೋದ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಘಾಟಿಯಾಚೆ ನಿನ್ನ ಚಿಕ್ಕಮ್ಮನ ಮನೆಗೆ ಹೊರಟೆ. ಹತ್ತುವಾಗ ಬ್ಯಾಟರಿ ಸರಸರ ಇಳಿದು, ತುದಿ ತಲುಪಿದಾಗ ಶೇಕಡಾ ಐವತ್ತೆಂಟಕ್ಕೆ ಬಂದಿತ್ತು. ಇಳಿಯಲು ಶುರು ಮಾಡಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಗಾಡಿ ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ಮೆಲ್ಲಗೆ ಇಳಿಯಿತು. ಒಂದೆರಡು ತಿರುವು ದಾಟಿದ ಮೇಲೆ ನೋಡುತ್ತೇನೆ, ಐವತ್ತೊಂಬತ್ತು. ಕಣ್ಣುಜ್ಜಿಕೊಂಡೆ. ಅರವತ್ತು. ಕೆಳಗೆ ಬರುವಷ್ಟರಲ್ಲಿ ಅರವತ್ತಮೂರು! ಮಗಳೇ, ನಾನು ಗಾಡಿ ಬದಿಗೆ ನಿಲ್ಲಿಸಿಬಿಟ್ಟೆ. ಘಾಟಿ ಇಳಿದು ಬಂದ ಲಾರಿಗಳ ಸುಟ್ಟ ಬ್ರೇಕ್ ಲೈನಿಂಗ್ ಬಿಚ್ಚಿ ಬಿಚ್ಚಿ ನನ್ನ ಉಗುರುಗಳು ಕಪ್ಪಾಗಿವೆ. ನಲವತ್ತು ವರ್ಷ ಕಮರು ವಾಸನೆಯಾಗಿ ಹೋದದ್ದು ಇಷ್ಟೊಂದು ಶಕ್ತಿಯೇ? ಬೆಟ್ಟ ಹತ್ತಲು ಕೊಟ್ಟದ್ದರಲ್ಲಿ ಒಂದು ಪಾಲನ್ನು ಬೆಟ್ಟವೇ ವಾಪಸ್ ಕೊಡುತ್ತದೆಯೇ?

ಆಗ ನೀನು ನೆನಪಾದೆ. ಮನೆ ಬಿಡುವ ಹಿಂದಿನ ದಿನ ಗ್ಯಾರೇಜಿಗೆ ಬಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಳಿಜಾರು, ಒಂದು ಚಕ್ರ ಬರೆದು, ಇಳಿಯುವಾಗ ಚಕ್ರವೇ ಮೋಟರು ತಿರುಗಿಸಿ ಬ್ಯಾಟರಿ ತುಂಬುವ ಇದನ್ನೇ ವಿವರಿಸತೊಡಗಿದ್ದೆ. ನಾನು ಎದ್ದು ಹೋಗಿ ಕಂಪ್ರೆಸರ್ ಚಾಲೂ ಮಾಡಿದೆ. ಅವತ್ತು ಗಾಳಿ ತುಂಬಬೇಕಾದ ಟೈರು ಒಂದೂ ಇರಲಿಲ್ಲ. ಅದರ ಗದ್ದಲದಲ್ಲಿ ನಿನ್ನ ಮಾತು ಕೇಳಿಸಬಾರದಿತ್ತು, ಅಷ್ಟಕ್ಕೇ ಹಾಕಿದ್ದು.

ಮುಂದೆ ಸಮತಟ್ಟು ರಸ್ತೆಗೆ ಬಂದಾಗ ಎಡಗಡೆಯಿಂದ ಸಣ್ಣಗೆ ಗುಂಯ್ ಎಂಬ ಸದ್ದು. ವೀಲ್ ಬೇರಿಂಗ್! ಕೊನೆಗೂ ಒಂದು ದೋಷ ಸಿಕ್ಕಿಬಿತ್ತಲ್ಲ ಎಂದು ಖುಷಿಯೋ ಖುಷಿ. ಇಳಿದು ಚಕ್ರ ಹಿಡಿದು ಅಲ್ಲಾಡಿಸಿದೆ, ಏನೂ ಇಲ್ಲ. ಹೊರಟರೆ ಮತ್ತೆ ಅದೇ. ವೇಗ ಕಡಿಮೆ ಮಾಡಿದೆ, ಸದ್ದು ಬದಲಾಗಲಿಲ್ಲ. ತಿರುಗಿ ನೋಡಿದರೆ ನಿನ್ನಮ್ಮ ಕಿಟಕಿಯಾಚೆ ನೋಡುತ್ತಾ, ಬಾಯಿ ಮುಚ್ಚಿಕೊಂಡೇ ಏನೋ ಹಾಡು ಗುನುಗುತ್ತಿದ್ದಾಳೆ.

“ಯಾವಾಗಿಂದ ಶುರು ಮಾಡ್ದೆ ಇದನ್ನ?” ಎಂದೆ.

“ಮದುವೆ ಆದಾಗಿಂದ. ನಿಮ್ಮ ಇಂಜಿನ್ ಕೇಳೋಕೆ ಬಿಡ್ತಿತ್ತಾ? ಮಗಳಿಗೆ ಕೇಳ್ತಿತ್ತು. ಹಿಂದಿನ ಸೀಟಿಂದ ಅವಳೂ ಗುನುಗೋಳು” ಎಂದಳು.

ಗಾಡಿ ಬೀದಿಯ ಕೊನೆಯಲ್ಲಿರುವಾಗಲೇ ಕೆಟ್ಟಿರುವುದೇನೆಂದು ಹೇಳುವ ಕಿವಿ ನನ್ನದು ಎಂದು ಊರೆಲ್ಲ ಹೊಗಳುತ್ತದೆ. ಮೂವತ್ತೊಂದು ವರ್ಷ ನನ್ನ ಪಕ್ಕದಲ್ಲೇ ಹಾಡು ನಡೆದಿತ್ತು. ನನ್ನ ಬೆನ್ನ ಹಿಂದೆ ನೀನು ಅದಕ್ಕೆ ದನಿಗೂಡಿಸುತ್ತಿದ್ದೆ. ನನಗೆ ಗೊತ್ತೇ ಇರಲಿಲ್ಲ. “ನಿಲ್ಲಿಸ್ಬೇಡ ಕಣೇ, ಹಾಡು” ಎಂದೆ. ಮೊದಲು ನಾಚಿಕೊಂಡಳು. ಆಮೇಲೆ ಬಾಯಿಬಿಟ್ಟೇ ಹಾಡಿದಳು. ಚಿಕ್ಕಮ್ಮನ ಮನೆ ದಾಟಿ ಎರಡು ಕಿಲೋಮೀಟರ್ ಹೋದ ಮೇಲೆ ಇಬ್ಬರಿಗೂ ಎಚ್ಚರವಾಯಿತು.

ಕಂಪ್ರೆಸರ್ ಹಾಕಿದ್ದು ನನ್ನ ತಪ್ಪು. ಬಾಯಲ್ಲಿ ಬರದ ಮಾತು ಕೈಯಲ್ಲಿ ಬರುತ್ತಿದೆ: ಕ್ಷಮಿಸು. ಗೋಡೆಯ ಮೇಲಿನ ನಿನ್ನ ಚಿತ್ರವನ್ನು ನಾನು ಅಳಿಸಿಬಿಟ್ಟೆ. ಇನ್ನೊಂದು ಸಲ ಬರೆದು ಹೇಳಿಕೊಡುತ್ತೀಯಾ?

ನಿನ್ನ,
ಅಪ್ಪ

ತಾ.ಕ.: ಲಕೋಟೆಯ ಮೇಲೆ ಸ್ಟಾಂಪ್ ಇಲ್ಲದ್ದನ್ನು ಗಮನಿಸಿರುತ್ತೀ. ಇದನ್ನು ಬರೆದದ್ದು ನಿನ್ನ ವರ್ಕ್‌ಶಾಪಿನ ಎದುರು, ರಸ್ತೆಯಾಚೆಯ ಚಾರ್ಜರಿನ ಹತ್ತಿರ ಕಾರಿನಲ್ಲಿ ಕೂತು. ಅಮ್ಮ ತಂದು ಕೊಡುತ್ತಾಳೆ. ಒಳಗೆ ಬರಲು ನನಗೆ ಧೈರ್ಯ ಸಾಲಲಿಲ್ಲ. ಕೈಯಲ್ಲಿರುವ ಕೆಲಸ ಮುಗಿಸಿಕೊಂಡೇ ಬಾ, ಅವಸರವಿಲ್ಲ. ಚಾರ್ಜ್ ತುಂಬಿ ಬಹಳ ಹೊತ್ತಾಯಿತು, ಬೇರೆಯವರಿಗೆ ಜಾಗ ಬಿಟ್ಟು ಗಾಡಿ ಮರದಡಿಗೆ ನಿಲ್ಲಿಸಿದ್ದೇನೆ. ಹಿಂದಿನ ಸೀಟಿನ ಬಾಗಿಲಿಗೆ ಲಾಕ್ ಹಾಕಿಲ್ಲ.