ಕಾಶೀಬಾಯಿ ಮೆಟ್ಟಿಲಿಳಿಯದ ನಾಲ್ಕು ದಿನ

ಕಲಬುರಗಿ, ಕೆಳಪೇಟೆ
ಕ್ರಿಸ್ತಶಕ ೨೨೩೧, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ,

ಮೇಲಿನ ತಾರೀಕು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಸಣ್ಣದೊಂದು ಮಳೆಗಾಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಲಾಡ್ಲೆಪ್ಪ, ನೆರಳುಬಟ್ಟೆ ಹೊಲಿಯುವವನು, ವಯಸ್ಸು ಅರವತ್ತಾರು. ಈ ಪತ್ರ ನಿಮ್ಮನ್ನು ಮುಟ್ಟುವ ದಾರಿ ಯಾವುದೆಂದು ನನಗೆ ತಿಳಿಯದು. ಆದರೆ ಇದನ್ನು ನನ್ನ ಓಣಿಯವರಿಗೆ ಬರೆಯಲು ನಾಚಿಕೆಯಾಗುತ್ತದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಬೇಸಿಗೆ ಬಂತೆಂದರೆ ನಾವು ತಂಪೋಣಿಗೆ ಇಳಿಯುತ್ತೇವೆ. ತಂಪೋಣಿ ಎಂದರೆ ನೆಲದಡಿ ಕೊರೆದ ಬೀದಿ. ಎರಡೂ ಕಡೆ ಕೋಣೆಗಳು, ಮೇಲಿನಿಂದ ಬೆಳಕು ಇಳಿಸುವ ಕಿಂಡಿಗಳು, ತುದಿಯಲ್ಲಿ ನೀರಿನ ಕೊಳ. ಅಲ್ಲೇ ರೊಟ್ಟಿ ಬಡಿಯುತ್ತೇವೆ, ಅಲ್ಲೇ ಶಾಲೆ, ಅಲ್ಲೇ ಮದುವೆ ಮಾತುಕತೆ. ಹಗಲಿನಲ್ಲಿ ಮೇಲೆ ಹೋದವರು ಒಂದು ತಾಸಿನಲ್ಲಿ ನೆಲಕ್ಕೆ ಬೀಳುತ್ತಾರೆ. ಪ್ರತಿ ಓಣಿಗೂ ಒಬ್ಬಳು ನೀರವ್ವ ಇರುತ್ತಾಳೆ. ದಿನಾ ಬೆಳಿಗ್ಗೆ ಅರವತ್ತು ಮೆಟ್ಟಿಲು ಇಳಿದು ಕೊಳದ ನೀರನ್ನು ಪರೀಕ್ಷಿಸಿ, ಚೆನ್ನಾಗಿದ್ದರೆ ನಲ್ಲಿಗೆ ಹಸಿರು ಬಿಲ್ಲೆ, ಕೆಟ್ಟಿದ್ದರೆ ಕೆಂಪು ಬಿಲ್ಲೆ ತೂಗುಹಾಕುವುದು ಅವಳ ಕೆಲಸ. ಹಸಿರು ಕಂಡರೆ ನಾವು ಬೇರೇನೂ ಕೇಳದೆ ಕುಡಿಯುತ್ತೇವೆ.

ಮೂವತ್ತೆರಡು ವರ್ಷದ ಹಿಂದೆ ನಮ್ಮ ನೀರವ್ವ ಕಾಶೀಬಾಯಿ. ಐವತ್ತು ದಾಟಿದ ವಿಧವೆ, ದಪ್ಪ ದನಿ, ಮಕ್ಕಳ ಕಿವಿ ಹಿಂಡುವ ಚಟ. ಆ ಬೇಸಿಗೆಯಲ್ಲಿ, ಕಡಲು ನುಂಗಿದ ಗಂಗೊಳ್ಳಿ ಕಡೆಯಿಂದ ಒಂದು ಕುಟುಂಬ ನಮ್ಮ ಓಣಿಗೆ ಬಂತು. ಮಂಜಿ ಖಾರ್ವಿ, ಅವಳ ಗಂಡ, ಒಂದು ಹೆಣ್ಣುಮಗು. ಅವರು ಬಂದ ಮರುದಿನವೇ ಓಣಿಯ ಮಕ್ಕಳಿಗೆ ವಾಂತಿಭೇದಿ ಹತ್ತಿತು. ಸಂಜೆಯ ಹೊತ್ತಿಗೆ ಹನ್ನೊಂದು ಮಕ್ಕಳು ಮಲಗಿದ್ದರು. ಅವರಲ್ಲಿ ನನ್ನ ಆರು ವರ್ಷದ ಗೌರಾಂಬೆಯೂ ಒಬ್ಬಳು.

ಮರುದಿನ ಬೆಳಿಗ್ಗೆ ಓಣಿಯೆಲ್ಲ ಮಂಜಿಯ ಬಾಗಿಲ ಮುಂದೆ ಸೇರಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಇದನ್ನು ಮುಚ್ಚಿಡುವುದಿಲ್ಲ.

“ಇವ್ರು ಬಂದ ಮ್ಯಾಲೇ ಇದೆಲ್ಲಾ ಸುರುವಾಗ್ಯಾದ! ಕೊಳದಾಗ ಏನು ತೊಳದಾರೋ ಏನೋ. ಮ್ಯಾಲ ಕಳಸ್ರಿ ಇವ್ರನ್ನ!”

ಮೇಲೆ ಕಳಿಸುವುದೆಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಂಜಿ ಮಗುವನ್ನು ಎದೆಗವಚಿಕೊಂಡು, “ನಾವ್ ಕೊಳದ್ ಬದಿಗೇ ಹೋಯ್ಲಿಲ್ಲ, ಕಾಣಿ. ಇವ್ಳಿಗೂ ಹುಷಾರಿಲ್ಲ” ಎನ್ನುತ್ತಲೇ ಇದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಇಬ್ಬರು ಅವರ ಗಂಟುಮೂಟೆ ಎತ್ತಿಯೂ ಆಗಿತ್ತು.

ಆಗ ಕೊಳದ ಕಡೆಯಿಂದ ಕಾಶೀಬಾಯಿ ಬಂದಳು. ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ. ಕೈಯಲ್ಲಿ ಕೆಂಪು ಬಿಲ್ಲೆ.

“ಗಂಟು ಕೆಳಗ ಇಡ್ರಿ,” ಎಂದಳು. “ನೀರು ಕೆಟ್ಟದ. ಇವ್ರು ಕೆಡಸಿಲ್ಲ. ಇವ್ರು ಬಂದು ಎರಡು ದಿನ ಆತು. ನಾ ನೀರು ನೋಡದೇ ನಾಕು ದಿನ ಆಗ್ಯಾದ.”

“ದಿನಾ ಹಸಿರು ಬಿಲ್ಲಿ ಇತ್ತಲ್ಲ?” ಎಂದೆ ನಾನು.

“ಇತ್ತು. ಮೊಣಕಾಲು ಭಾಳ ನೋಯ್ಲತ್ತಿತ್ತು, ಲಾಡ್ಲೆಪ್ಪ. ಮೆಟ್ಟಿಲು ಇಳೀಲಿಲ್ಲ. ಸುಮ್ನೆ ತೂಗಿಹಾಕ್ದೆ. ಇವತ್ತ ಇಳಿದು ನೋಡ್ದೆ.”

ಹಿರಿಯರೇ, ಆಕೆ ಆ ಕೆಂಪು ಬಿಲ್ಲೆಯನ್ನು ನಲ್ಲಿಗೆ ತೂಗಿಹಾಕಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನೀರು ಮಂಜಿಯವರು ಬಂದ ಮೇಲೆಯೇ ಕೆಟ್ಟಿತು ಎಂದು ನಾವೆಲ್ಲ ನಂಬುತ್ತಿದ್ದೆವು. ಕೆಡಿಸಿದವರು ಯಾರೆಂದು ಹೇಳಲು ನಾವು ಮೊದಲೇ ಸಿದ್ಧರಾಗಿದ್ದೆವು.

ಓಣಿ ಗಪ್ಪಾಯಿತು. ಯಾರೋ ಉಗುಳಿದರು. ನಾನು ಮುಖ ತಿರುಗಿಸಿ ಮಗಳ ಹತ್ತಿರ ಹೋದೆ. ಹೋಗುವಾಗ ಬೆನ್ನ ಹಿಂದೆ ಕೇಳಿದ ಮೊದಲ ಮಾತು ಮಂಜಿಯದು. ತನ್ನ ಮಣೆಯನ್ನು ಹೊರಗೆ ತಂದಿಟ್ಟು, “ಅಮ್ಮಾ, ಕಾಲ್ ನೋಯ್ತಿತ್ತಲ್ದಾ, ಕೂಕಣಿ” ಎಂದು ಕೂರಲು ಹೇಳಿದಳು.

ನೀರು ನಿಲ್ಲಿಸಿದರು. ಹಳೆಯ ಚರಂಡಿಯೊಂದು ಬಿರಿದು ಕೊಳಕ್ಕೆ ಜಿನುಗುತ್ತಿದ್ದದ್ದು ಸಿಕ್ಕಿತು. ನೀರಿನಿಂದ ಬಂದ ರೋಗವೆಂದು ತಿಳಿದ ವೈದ್ಯರು ಔಷಧ ಬದಲಿಸಿದರು. ಮಂಜಿಯ ಮಗುವೂ ನನ್ನ ಮಗಳೂ ಎದ್ದರು. ಹನ್ನೊಂದರಲ್ಲಿ ಹತ್ತು ಮಕ್ಕಳು ಎದ್ದರು. ಸಂಗಮ್ಮನ ನಾಲ್ಕು ವರ್ಷದ ಮಗ ಏಳಲಿಲ್ಲ.

ಕಾಶೀಬಾಯಿಯನ್ನು ಕೆಲಸದಿಂದ ತೆಗೆದೆವು. ಸಂಗಮ್ಮ ಅವಳೊಡನೆ ಮಾತು ಬಿಟ್ಟಳು. ಉಳಿದವರಿಗೆ ಬಿಡಲು ಅಂಥ ಕಾರಣವಿರಲಿಲ್ಲ, ಆದರೂ ಬಿಟ್ಟೆವು. ಆಕೆ ಓಣಿ ಬಿಟ್ಟು ಹೋಗಲಿಲ್ಲ. ಹೊಸ ನೀರವ್ವನಿಗೆ, ಕೇಳದಿದ್ದರೂ, ಯಾವ ಕಲ್ಲಿನ ಸಂದಿಯನ್ನು ದಿನಾ ನೋಡಬೇಕೆಂದು ಹೇಳಿಕೊಟ್ಟಳು. ನಾವು ಮಾತಾಡಿಸದ ವರ್ಷಗಳಲ್ಲಿ ಮಂಜಿಯ ಮನೆಯಲ್ಲಿ ಊಟ ಮಾಡುತ್ತಿದ್ದಳು. ಆಮೇಲೆ ಒಬ್ಬೊಬ್ಬರೇ ಮಾತಾಡಿಸಿದೆವು. ನಾನು ಮಾತಾಡಿಸಲು ಒಂಬತ್ತು ವರ್ಷ ಹಿಡಿಯಿತು. ಆಗಲೂ ಕ್ಷಮೆ ಕೇಳಲಿಲ್ಲ. ಸೆಖೆ ಬಹಳ ಎಂದೆ. ಹೌದಪ್ಪ ಎಂದಳು.

ಹೋದ ತಿಂಗಳು ಆಕೆ ತೀರಿಕೊಂಡಳು. ಓಣಿಯಲ್ಲಿ ಈಗ ಕೊರೆಯುತ್ತಿರುವ ಹೊಸ ಕೊಳಕ್ಕೆ ಆಕೆಯ ಹೆಸರಿಡೋಣ ಎಂದರು ಕೆಲವರು. ಮಗು ಕೊಂದವಳ ಹೆಸರೇ ಎಂದರು ಇನ್ನು ಕೆಲವರು. ನಿಮ್ಮ ಕಾಲದ ಚಿತ್ರಗಳಲ್ಲಿ ವೀರರೆಂದರೆ ಕುದುರೆ ಏರಿದವರು, ಕತ್ತಿ ಎತ್ತಿದವರು. ಅವರ ತಪ್ಪುಗಳನ್ನು ಕಲ್ಲಿನಲ್ಲಿ ಯಾರೂ ಕೆತ್ತಿಲ್ಲ. ಕಾಶೀಬಾಯಿಯ ತಪ್ಪನ್ನು ಹೇಳದೆ ಆಕೆಯ ಧೈರ್ಯವನ್ನು ಹೇಳಲು ಬರುವುದಿಲ್ಲ. ಕೊನೆಗೆ ಎಲ್ಲರೂ ಸಂಗಮ್ಮನ ಮುಖ ನೋಡಿದರು. ಈಗ ತಲೆಯೆಲ್ಲ ಬೆಳ್ಳಗಾಗಿರುವ ಆಕೆ ಹೇಳಿದಳು:

“ಹೆಸರು ಇಡ್ರಿ, ಬಿಡ್ರಿ, ನಂಗೇನು ಕೇಳಬ್ಯಾಡ್ರಿ. ಅಕೀನ ನಾ ಇನ್ನೂ ಕ್ಷಮಿಸಿಲ್ಲ. ಆದ್ರ ಅಕೀ ಅವತ್ತ ಬಾಯಿ ಬಿಡದೇ ಇದ್ದಿದ್ರ, ನನ್ನ ಸಿಟ್ಟು ಜೀವನಪೂರ್ತಿ ತಪ್ಪು ಮಾಡದವರ ಮ್ಯಾಲ ಇರ್ತಿತ್ತು. ಮಂಜಿ ಮಗಳು ಸತ್ತಿರ್ತಿದ್ಲು. ಅದೊಂದು ಖರೇ.”

ಹೆಸರಿನ ಮಾತು ಅಲ್ಲಿಗೇ ನಿಂತಿದೆ. ಇಡುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ನಿಮ್ಮ ಬೀದಿಯಲ್ಲೋ, ನೀವು ದುಡಿಯುವ ಜಾಗದಲ್ಲೋ ಒಂದು ದಿನ ಯಾರಾದರೂ ಎದ್ದು ನಿಂತು, ಯಾರೂ ಪ್ರಶ್ನಿಸದಿದ್ದರೂ, “ಅದು ನನ್ನಿಂದ ಆದದ್ದು” ಎಂದಾರು. ಆಮೇಲೆ ಒಂದು ಮೌನ ಬರುತ್ತದೆ. ನಾನು ಅದರಲ್ಲಿ ನಿಂತವನು, ಅದು ಎಷ್ಟು ಉದ್ದವೆಂದು ಬಲ್ಲೆ. ಅವರನ್ನು ಕ್ಷಮಿಸಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಮುಖ ತಿರುಗಿಸಬೇಡಿ. ಆ ಮೌನವನ್ನು ಒಡೆಯುವ ಮೊದಲ ಮಾತು ನಿಮ್ಮದಾಗಿರಲಿ.

ಇಂತಿ,
ಲಾಡ್ಲೆಪ್ಪ